ಟೊಳ್ಳಿನ ಬಲ

ಲೋಟಸ್ ಕಂಪನಿ 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಎಲಾನ್ ಕಾರಿನ ಫೈಬರ್‌ಗ್ಲಾಸ್ ಮೈಯನ್ನು ಎತ್ತಿಟ್ಟರೆ ಕೆಳಗೆ ಕಾಣುವುದು ನಂಬಲಾರದಷ್ಟು ಸ್ವಲ್ಪ. ತೆಳು ಉಕ್ಕಿನ ತಗಡನ್ನು ಮಡಚಿ ಬೆಸೆದ ಉದ್ದನೆಯ ಪೆಟ್ಟಿಗೆಯೊಂದು ಎರಡು ಸೀಟುಗಳ ನಡುವೆ ಹಾದುಹೋಗುತ್ತದೆ. ಮುಂದೆ ಕವಲೊಡೆದು ಎಂಜಿನ್ನನ್ನು ತಬ್ಬುತ್ತದೆ, ಹಿಂದೆ ಮತ್ತೆ ಕವಲಾಗಿ ಹಿಂಗಾಲಿಗಳ ಸಸ್ಪೆನ್ಶನ್ ಹೊರುತ್ತದೆ. ಅಷ್ಟೇ. ಬೆನ್ನೆಲುಬು ಚಾಸಿ ಎಂದರೆ ಇದು. ಎಂಜಿನಿಯರ್ ಹಾನ್ಸ್ ಲೆಡ್ವಿಂಕಾ 1923ರಲ್ಲೇ ಟಾಟ್ರಾ 11 ಕಾರನ್ನು ಒಂದು ಉಕ್ಕಿನ ಕೊಳವೆಯ ಮೇಲೆ ಕಟ್ಟಿದ್ದ. ಆದರೆ ಕಾಲಿನ್ ಚಾಪ್‌ಮನ್‌ನ ಲೋಟಸ್ ಕಂಪನಿ ಅದೇ ವಿಚಾರವನ್ನು ಹಗುರವಾದೊಂದು ಸ್ಪೋರ್ಟ್ಸ್ ಕಾರಿಗೆ ಒಗ್ಗಿಸಿದ ಬಗೆ ನನಗೆ ಇಂದಿಗೂ ವಿಸ್ಮಯ.

ತೆಳು ತಗಡಿನ ಪೆಟ್ಟಿಗೆಗೆ ಇಷ್ಟು ಬಲ ಎಲ್ಲಿಂದ? ಅಗರಬತ್ತಿ ಬರುವ ರಟ್ಟಿನ ಕೊಳವೆಯನ್ನು ಎರಡೂ ತುದಿ ಹಿಡಿದು ತಿರುಚಿ ನೋಡಿ, ಜಗ್ಗುವುದಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಒಂದೇ ಸೀಳು ಹಾಕಿ ಮತ್ತೆ ತಿರುಚಿ: ಸೀಳಿನ ಎರಡು ಅಂಚುಗಳು ಒಂದರ ಪಕ್ಕ ಒಂದು ಜಾರಿ, ಕೊಳವೆ ಸುಮ್ಮನೆ ಶರಣಾಗುತ್ತದೆ. ರಟ್ಟು ಒಂದಿಷ್ಟೂ ಕಡಿಮೆಯಾಗಿಲ್ಲ. ತಿರುಚುವ ಬಲ ಗೋಡೆಯಿಂದ ಗೋಡೆಗೆ ಸುತ್ತಿ ಬಂದು ತನ್ನನ್ನೇ ಸೇರಿಕೊಳ್ಳುವ ದಾರಿ ಮಾತ್ರ ಕಡಿದುಹೋಗಿದೆ. 150 ಮಿಲಿಮೀಟರ್ ಚೌಕದ, 1.5 ಮಿಲಿಮೀಟರ್ ದಪ್ಪದ ಉಕ್ಕಿನ ಪೆಟ್ಟಿಗೆಗೆ ಲೆಕ್ಕ ಹಾಕಿದರೆ, ಮುಚ್ಚಿದ್ದು ಸೀಳಿದ್ದಕ್ಕಿಂತ ಸುಮಾರು 7,500 ಪಟ್ಟು ಬಿಗಿ! ಈ ಅಂಕಿಯ ಮುಂದೆ ನಾನು ಎಷ್ಟೋ ಹೊತ್ತು ಕೂತಿದ್ದೇನೆ.

ಇನ್ನೊಂದು ಲೆಕ್ಕವೂ ಇದೆ. ಸ್ವಂತ ಕಾರು ಕಟ್ಟುವವರಿಗೆ ಚಾಸಿ ಗಟ್ಟಿಯಾಗಬೇಕೆಂದರೆ ಮೊದಲು ಹೊಳೆಯುವುದು ದಪ್ಪ ತಗಡು. ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಿಗಿತವೂ ಎರಡು ಪಟ್ಟು. ಅಷ್ಟೇ ಉಕ್ಕನ್ನು ಪೆಟ್ಟಿಗೆಯ ಅಗಲ ಎತ್ತರ ಎರಡನ್ನೂ ಇಮ್ಮಡಿಸಲು ಬಳಸಿದರೆ ಬಿಗಿತ ಎಂಟು ಪಟ್ಟು. ಬಲವಿರುವುದು ಲೋಹ ಸುತ್ತುವರಿದ ಜಾಗದಲ್ಲಿ. ಹಾಗೆಂದು ಹಿಗ್ಗಿಸುತ್ತಲೇ ಹೋಗುವಂತಿಲ್ಲ, ಓಡಿಸುವವರ ಮೊಣಕಾಲಿಗೂ ಜಾಗ ಬೇಕು. ಜಾಣ ಕೈಗಳು ಆಗ ಬೇರೆ ಕಡೆ ನೋಡುತ್ತವೆ: ಗೇರ್ ಲಿವರ್‌ಗಾಗಿ ಕೊರೆದ ತೂತಿನ ಸುತ್ತ ಅಂಚು ಕಟ್ಟುತ್ತವೆ, ತೆರೆದುಬಿಟ್ಟ ಕಿಂಡಿಗೆ ಬೋಲ್ಟಿನ ಮುಚ್ಚಳ ಹಾಕುತ್ತವೆ, ಪೆಟ್ಟಿಗೆ ಮುಗಿದು ಕವಲು ಶುರುವಾಗುವಲ್ಲಿ ತ್ರಿಕೋನದ ಪಟ್ಟಿ ಬೆಸೆಯುತ್ತವೆ. ಸುತ್ತಿ ಹರಿಯುತ್ತಿದ್ದ ಬಲ ದಿಕ್ಕು ತಪ್ಪುವುದು ಆ ಕವಲಿನಲ್ಲೇ. ತಗಡು ದಣಿದು ಬಿರುಕು ಬಿಡುವ ಭಯವೂ ಅಲ್ಲೇ ಹೆಚ್ಚು.

ಇಷ್ಟೆಲ್ಲ ಬಿಗಿತ ಯಾಕೆ? ಸ್ಪ್ರಿಂಗು ಮೆದುವಾಗಿರಲಿ ಎಂದು. ಚಾಸಿಯೇ ತಿರುಚಿಕೊಂಡರೆ ಅದೂ ಒಂದು ಸ್ಪ್ರಿಂಗ್ ಆಗುತ್ತದೆ, ಅದರ ಕುಣಿತವನ್ನು ತಡೆಯಲು ಡ್ಯಾಂಪರ್ ಇರುವುದಿಲ್ಲ, ಚಕ್ರಗಳ ಕೋನ ಹೇಳಿದ ಮಾತು ಕೇಳುವುದಿಲ್ಲ. ನಡು ಅಲುಗದಿದ್ದರೆ ಮಾತ್ರ ಚಕ್ರಗಳು ರಸ್ತೆಯ ಉಬ್ಬುತಗ್ಗಿಗೆ ಸಲೀಸಾಗಿ ಏರಿಳಿಯಬಲ್ಲವು. ಎಲಾನ್ ಬಿರುಸಿನ ತಿರುವಿಗೂ ಒದಗಿತು, ಕೂತವರ ಬೆನ್ನನ್ನೂ ಕಾಯಿತು.

ಎಲಾನ್‌ನಲ್ಲಿ ಆ ಟೊಳ್ಳು ಸುಮ್ಮನೆಯೂ ಬಿದ್ದಿಲ್ಲ: ಪೆಟ್ಟಿಗೆಯ ಒಳಗಿನ ಖಾಲಿ ಜಾಗದಲ್ಲಿ, ಎಂಜಿನ್ನಿನ ತಿರುಗುಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ. ಮುಂದಿನ ಅಡ್ಡತೊಲೆಯ ಟೊಳ್ಳನ್ನಂತೂ ಮುಚ್ಚಿ, ಎಂಜಿನ್ ಹೀರುವ ನಿರ್ವಾತವನ್ನು ಕೂಡಿಡುವ ತೊಟ್ಟಿಯನ್ನಾಗಿ ಮಾಡಿದರು. ಮಡಚಿಕೊಳ್ಳುವ ಹೆಡ್‌ಲೈಟುಗಳ ಏರಿಳಿತಕ್ಕೆ ಆ ನಿರ್ವಾತವೇ ನೆರವು.