ತಗ್ಗಿ ನೋಡುವುದು

ನಿಂತುಕೊಂಡು ತೆಗೆದ ಚಿತ್ರದಲ್ಲಿ ಕಡಲತಡಿಯ ಕಿರುಹಕ್ಕಿ ಹೊಯಿಗೆಗೆ ಅಂಟಿದ ಚುಕ್ಕೆಯಂತೆ ಕಾಣುತ್ತದೆ. ಅದನ್ನೇ ನೆಲಕ್ಕೆ ಎದೆಯೂರಿ ಮಲಗಿ, ಕ್ಯಾಮರಾವನ್ನು ಹೊಯಿಗೆಯ ಮಟ್ಟಕ್ಕೆ ಇಳಿಸಿ ತೆಗೆದರೆ ಹಕ್ಕಿಯ ಕಣ್ಣು ನಮ್ಮ ಕಣ್ಣಿಗೆ ಎದುರಾಗುತ್ತದೆ. ಹಿಂದಿನ ಕಡಲು ಕರಗಿ ಬರಿಯ ಬಣ್ಣವಾಗುತ್ತದೆ. ಗೇಣುದ್ದವೂ ಇಲ್ಲದ ಜೀವ ಚಿತ್ರದ ತುಂಬ ನಿಲ್ಲುತ್ತದೆ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ಈ ಹವ್ಯಾಸ ಹಿಡಿದ ನನಗೆ, ಹೀಗೆ ಮಲಗುವುದರಲ್ಲಿ ಒಂದು ನೀತಿಯೂ ಇದೆ ಎಂಬ ನಂಬಿಕೆಯಿತ್ತು. ಮನುಷ್ಯ ತನ್ನ ಎತ್ತರವನ್ನು ಬಿಟ್ಟುಕೊಟ್ಟು ಒಂದು ಅಲ್ಪಜೀವಿಯ ಸಮಕ್ಕೆ ಇಳಿಯುವುದು ವಿನಯವಲ್ಲದೆ ಮತ್ತೇನು?

ಆ ನಂಬಿಕೆ ಅಲುಗಿದ್ದು ಶಿರಿಯಾ ಹೊಳೆಯ ಅಳಿವೆಯಲ್ಲಿ, ಒಂದು ಫೆಬ್ರವರಿಯ ಬೆಳಗ್ಗೆ. ಉಬ್ಬರದ ಹೊತ್ತು. ಲಿಟ್ಲ್ ಸ್ಟಿಂಟ್ ಹಕ್ಕಿಗಳ ಹಿಂಡೊಂದು ಹೊಯಿಗೆಯ ದಿಬ್ಬದಲ್ಲಿ ವಿಶ್ರಮಿಸುತ್ತಿತ್ತು. ಈ ಬಳಗವನ್ನು ಕನ್ನಡದಲ್ಲಿ ನಾವು ಗೊರವ ಎನ್ನುತ್ತೇವೆ. ಮಲಯಾಳದ ನೆರೆಯವರು ಮಣಲೂದಿ, ಎಂದರೆ ಹೊಯಿಗೆ ಊದುವವ, ಎನ್ನುತ್ತಾರೆ. ಒಂದು ಹೆಸರಿನಲ್ಲಿ ನನಗೆ ಅಲೆಮಾರಿತನ ಕೇಳಿಸಿದರೆ ಇನ್ನೊಂದರಲ್ಲಿ ಹೊಟ್ಟೆಪಾಡು ಕೇಳಿಸುತ್ತದೆ. ಮೊಣಕೈಯೂರಿ ಅರ್ಧ ಗಂಟೆ ತೆವಳಿದೆ. ಒಂದು ಹಕ್ಕಿ ಕತ್ತು ನಿಮಿರಿಸಿ ನನ್ನತ್ತ ನೋಡಿತು. ಕ್ಲಿಕ್ಕಿಸಿದೆ. ಮರುಕ್ಷಣ ಹಿಂಡಿಗೆ ಹಿಂಡೇ ಎದ್ದುಹೋಯಿತು.

ಮರುವಾಯಿ ಹೆಕ್ಕಲೆಂದು ನೀರಿಳಿಯುವುದನ್ನು ಕಾಯುತ್ತ ದಂಡೆಯಲ್ಲಿ ಕೂತಿದ್ದ ಉಮ್ಮ ಮಲಯಾಳದಲ್ಲಿ ಕೇಳಿದರು: "ಯಾಕೆ ಮಾಷೇ, ಹಾಗೆ ಮಲಗಿದ್ದು?"

"ಹಕ್ಕಿ ಹೆದರಬಾರದಲ್ಲ ಉಮ್ಮಾ" ಎಂದೆ.

ಅವರು ನಕ್ಕರು. "ನಮ್ಮ ಮನೆಯ ಬೆಕ್ಕೂ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಯೇ ಹೋಗುವುದು, ಮಾಷೇ."

ಆ ಚಿತ್ರವನ್ನು ನೋಡಿದವರೆಲ್ಲ "ಎಂಥ ಗಾಂಭೀರ್ಯ!" ಎಂದರು. ನಿಜವಾಗಿ ಅದು ಹೆದರಿಕೆ. ಕತ್ತು ನಿಮಿರಿಸುವುದು ಹಾರುವುದಕ್ಕೆ ಮೊದಲಿನ ಸನ್ನದ್ಧತೆ.

ಒಮ್ಮೆ ಹಾರಿದರೆ ಹಕ್ಕಿಗೇನು ನಷ್ಟ ಎಂದು ಕೇಳಬಹುದು. ಇದರ ತೂಕ ಸುಮಾರು 25 ಗ್ರಾಂ, ಮೂರು ನಾಲ್ಕು ಚಾಲಿ ಅಡಿಕೆಯಷ್ಟು. ಸೈಬೀರಿಯಾದ ಉತ್ತರದ ಮರವಿಲ್ಲದ ಶೀತಭೂಮಿಯಂಥಲ್ಲಿ ಮರಿಮಾಡಿ, ಚಳಿಗಾಲಕ್ಕೆ ನಮ್ಮ ತೀರಕ್ಕೆ ಬರುತ್ತದೆ. ಇದೇ ಬಳಗದ ಗಾಡ್‌ವಿಟ್ ಹಕ್ಕಿಯ ಮರಿಯೊಂದು 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರನ್ನು 11 ದಿನಗಳಲ್ಲಿ, ಎಲ್ಲಿಯೂ ಇಳಿಯದೆ ಹಾರಿತು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಇವುಗಳ ದಾರಿಬುತ್ತಿ. ಕೆಸರು ನೀರಿನಡಿಯಾಗಿ ಮೇವಿಲ್ಲದ ಉಬ್ಬರದ ಹೊತ್ತಿನಲ್ಲಿ ಎಬ್ಬಿಸಿದವನು ಆ ಬುತ್ತಿಗೇ ಕೈಹಾಕಿದಂತೆ. ನಾನೊಬ್ಬನೇ ಆದರೆ ಸರಿ; ನನ್ನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ.

ಗೆಳೆಯರೊಬ್ಬರು ವಾದಿಸುತ್ತಾರೆ: "ಚಿತ್ರವೇ ಇಲ್ಲದಿದ್ದರೆ, ಅಳಿವೆಯ ಹೊಯಿಗೆ ಲಾರಿ ಹತ್ತುವಾಗ ಹಕ್ಕಿಯ ಪರವಾಗಿ ಮಾತಾಡುವವರು ಯಾರು?" ಈ ಮಾತನ್ನು ತಳ್ಳಿಹಾಕಲಾರೆ. ಕಂಡದ್ದನ್ನಷ್ಟೇ ಜನ ಪ್ರೀತಿಸುತ್ತಾರೆ. ಆದರೆ ಮುಂದೆಂದೋ ಮಾಡುವ ಉಪಕಾರದ ಹೆಸರಿನಲ್ಲಿ ಇಂದಿನ ಉಪದ್ರವವನ್ನು ಮನ್ನಿಸಿಕೊಳ್ಳುವುದು ಅಪಾಯದ ಲೆಕ್ಕ. ಗಡಿನಾಡಿನ ನಮಗೆ ಇದು ಹೊಸತಲ್ಲ. ಮೇಲೆ ನಿಂತು ಮರುಕಪಡುವವರನ್ನೂ ಕಂಡಿದ್ದೇವೆ; ಹೆಗಲಿಗೆ ಕೈಹಾಕಿ, ಫೋಟೋ ತೆಗೆಸಿಕೊಂಡು, ಆ ಕಡೆಯೇ ಹೋದವರನ್ನೂ ಕಂಡಿದ್ದೇವೆ. ಬಳಿಗೆ ಬಂದವರೆಲ್ಲ ಸಮಕ್ಕೆ ಬಂದವರಲ್ಲ.

ಹಾಗಾದರೆ ವಿನಯ ಇರುವುದು ಎತ್ತರ ತಗ್ಗಿನಲ್ಲಲ್ಲ, ನಡುವಿನ ದೂರವನ್ನು ನಿಶ್ಚಯಿಸುವವರು ಯಾರು ಎಂಬುದರಲ್ಲಿ. ಈಗ ಉಬ್ಬರದಲ್ಲಿ ದಿಬ್ಬದ ಕಡೆ ಸುಳಿಯುವುದಿಲ್ಲ. ನೀರಿಳಿಯುವಾಗ ಹಕ್ಕಿಗಳು ಬರುವ ಮೊದಲೇ ಹೋಗಿ ಒಂದೆಡೆ ಮಲಗುತ್ತೇನೆ. ಮೇಯುತ್ತ ಅವಾಗಿ ಬಂದರೆ ಬಂದವು. ಕತ್ತು ನಿಮಿರಿತೋ, ಕ್ಯಾಮರಾ ಕೆಳಗೆ. ಎಷ್ಟೋ ದಿನ ಅಂಗಿಯ ತುಂಬ ಹೊಯಿಗೆಯೊಂದೇ ಗಿಟ್ಟುವುದು. ಹೊಂಚಿ ಕಾಯುವುದು ಬೆಕ್ಕಿಗೂ ಗೊತ್ತಿದೆ ಎಂದರೆ, ಹೌದು. ಆದರೆ ಬರಿಗೈಯಲ್ಲಿ ಮರಳಲು ಒಪ್ಪಿಕೊಂಡು ಬೆಕ್ಕು ಹೊರಡುವುದಿಲ್ಲ.

ಹಳೆಯ ಚಿತ್ರವನ್ನು ಗೋಡೆಯಿಂದ ತೆಗೆದಿಲ್ಲ. ಹೊಗಳಿದವರಿಗೆ ಈಗ ಉಮ್ಮ ಹೇಳಿದ್ದನ್ನೂ ಹೇಳುತ್ತೇನೆ.