ಆಳುವ ಭಾಷೆಯ ನ್ಯಾಯ

ರಾಜ್ಯವು ಪ್ರಜೆಯೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುದು ಮೊದಲಿಗೆ ನ್ಯಾಯದ ಪ್ರಶ್ನೆ, ಅನುಕೂಲದ ಮಾತು ಆಮೇಲಿನದು. ಭಾರತದ ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದು ಕರೆದಿಲ್ಲ. 343ನೇ ವಿಧಿ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆಯಾಗಿಸಿ ಇಂಗ್ಲಿಷಿಗೆ 15 ವರ್ಷಗಳ ಅವಧಿ ಕೊಟ್ಟಿತು. ಒಕ್ಕೂಟದ 1963ರ ಕಾಯ್ದೆ ಇಂಗ್ಲಿಷಿನ ಬಳಕೆಯನ್ನು ಮುಂದುವರಿಸಿತು. ಇಂಗ್ಲಿಷ್ ಯಾವ ಪ್ರಾಂತ್ಯದ್ದೂ ಅಲ್ಲ, ಆದ್ದರಿಂದ ಎಲ್ಲರಿಗೂ ಸಮಾನ ಎಂಬುದು ಅದರ ಪರ ವಾದ.

ಈ ವಾದವನ್ನು ಒರೆಗೆ ಹಚ್ಚಲು ಕಲಬುರಗಿ ಸೀಮೆಯ ಚರಿತ್ರೆ ಸಾಕು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳು ಪ್ರಾಕೃತದಲ್ಲಿವೆ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಅಮೋಘವರ್ಷನ ಆಸ್ಥಾನದಲ್ಲಿ, 9ನೇ ಶತಮಾನದ ‘ಕವಿರಾಜಮಾರ್ಗ’ ಹುಟ್ಟಿ ಕನ್ನಡಕ್ಕೆ ಶಾಸ್ತ್ರದ ಗೌರವ ತಂದಿತು. ನಿಜಾಮರ ಆಳ್ವಿಕೆಯಲ್ಲಿ ಇದೇ ನೆಲದ ಕಚೇರಿ, ಕೋರ್ಟುಗಳಿಗೆ ಉರ್ದು ಬಂದಿತು. ಉರ್ದು ಸೊಗಸಾದ ಭಾಷೆ, ಈ ಊರುಗಳ ಅನೇಕರ ಮನೆಮಾತು, ಅದರಲ್ಲಿ ದೋಷವಿರಲಿಲ್ಲ. ಚಿಂಚೋಳಿಯ ಕನ್ನಡ ರೈತ ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿದ್ದೇ ಅನ್ಯಾಯ. 1956ರ ಕರ್ನಾಟಕ ಏಕೀಕರಣ ಮತ್ತು ರಾಜ್ಯದ್ದೇ ಆದ 1963ರ ರಾಜಭಾಷಾ ಕಾಯ್ದೆ ಅದನ್ನು ತಿದ್ದಹೊರಟವು.

ಇಂಗ್ಲಿಷಿನ ಸಮಾನತೆ ಇಲ್ಲಿಯೇ ಎಡವುತ್ತದೆ. ಅದು ಎಲ್ಲರಿಂದಲೂ ಸಮಾನ ದೂರದಲ್ಲಿಲ್ಲ: ದುಬಾರಿ ಶಾಲೆಯ ಮಗುವಿಗೆ ಹತ್ತಿರ, ಶಹಾಬಾದಿನ ಕಲ್ಲುಗಣಿಯ, ವಾಡಿಯ ಸಿಮೆಂಟ್ ಕಾರ್ಖಾನೆಯ ಕೂಲಿಯ ಮಗುವಿಗೆ ಬಹುದೂರ. ಪ್ರಾಂತ್ಯಗಳ ನಡುವೆ ಅದು ನ್ಯಾಯ ಕೊಡಬಲ್ಲದು, ವರ್ಗಗಳ ನಡುವೆ ಅಲ್ಲ. ಒಕ್ಕೂಟದ ವ್ಯವಹಾರಕ್ಕೆ ಇಂಗ್ಲಿಷ್ ಉಳಿಯಲಿ. ತಹಶೀಲ್ದಾರರ ನೋಟಿಸು, ಆಸ್ಪತ್ರೆಯ ಚೀಟಿ, ತೀರ್ಪಿನ ಪ್ರತಿ ಮಾತ್ರ ಪಡೆಯುವವನ ಭಾಷೆಯಲ್ಲೇ ಇರಬೇಕು.