ಇಂದಿನ ಧಮ್ಮ ಚಿಂತನೆ: ರಾಹುಲನ ಕನ್ನಡಿ, ನನ್ನ ಕ್ಯಾಮೆರಾ



ಇಂದು ಬರೆಯುವ ಸರದಿ ನನ್ನದು. ನಾನು ಪಾಲಿ ಬಲ್ಲವನಲ್ಲ, ಭಾಷಣಕಾರನೂ ಅಲ್ಲ. ಚಾಮರಾಜನಗರದ ಕಡೆ ಫೋಟೊ ಸ್ಟುಡಿಯೊ ಇಟ್ಟುಕೊಂಡು ಬದುಕಿದವನು. ಹೋದ ಭಾನುವಾರ ಬಳಗದಲ್ಲಿ ಮಜ್ಝಿಮ ನಿಕಾಯದ ರಾಹುಲೋವಾದ ಸುತ್ತವನ್ನು ಓದಿದೆವಲ್ಲ, ಅಂದಿನಿಂದ ಒಂದು ವಿಷಯ ಮನಸ್ಸಿನಲ್ಲೇ ಕೂತಿದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಅಂದು ಬಾರದವರಿಗಾಗಿ ಎರಡು ಮಾತು. ಅಂಬಲಟ್ಠಿಕದಲ್ಲಿದ್ದ ರಾಹುಲನ ಬಳಿಗೆ ಭಗವಾನ್ ಬುದ್ಧರು ಹೋಗುತ್ತಾರೆ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ಚೂರು ನೀರನ್ನು ತೋರಿಸುತ್ತಾರೆ, ಚೆಲ್ಲುತ್ತಾರೆ, ಪಾತ್ರೆಯನ್ನು ಮಗುಚುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಿ ನಾಚದವನ ಶ್ರಮಣ ಜೀವನ ಇಷ್ಟೇ ಬರಿದು ಎಂದು ತಿಳಿಸುತ್ತಾರೆ. ಆಮೇಲೆ ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಯಾವ ಕೆಲಸವನ್ನಾದರೂ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ, ಮೂರು ಸಲ ನೋಡಿಕೊಳ್ಳಬೇಕು ಎಂಬುದೇ ಉಪದೇಶ. ಅಶೋಕ ಚಕ್ರವರ್ತಿ ಬೈರಾಟ್ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಹೆಸರಿಸಿದ ಏಳು ಧಮ್ಮಪಾಠಗಳಲ್ಲಿ ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಈ ಮಾತೂ ಒಂದು.

ಮೂರು ಸಲ ಎಂದು ಓದಿದಾಗ ನನಗೆ ನೆನಪಾಗಿದ್ದು ರೀಲು.

ರೀಲಿನ ಕಾಲವನ್ನು ಕಂಡವರು ಈ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಒಂದು ರೀಲಿಗೆ 36 ಫೋಟೊ. ಜೋಪಾನವಾಗಿ ಸುತ್ತಿದರೆ 37 ಸಿಗುತ್ತಿತ್ತು, ಆ ಒಂದು ನಮ್ಮ ಲಾಭ. ಮದುವೆಗೆ ಎರಡು ಮೂರು ರೀಲು ಎಂದು ಮಾತಾದರೆ ಅಷ್ಟರಲ್ಲೇ ದಾರೆ, ಊಟ, ನೆಂಟರು, ಎಲ್ಲ ಮುಗಿಯಬೇಕು. ಬಟನ್ ಒತ್ತುವ ಮುಂಚೆ ಬೆಳಕು ನೋಡುತ್ತಿದ್ದೆವು, ದೂರ ಲೆಕ್ಕ ಹಾಕುತ್ತಿದ್ದೆವು, ಯಾರ ಕಣ್ಣು ಮುಚ್ಚಿದೆ ಎಂದು ಗಮನಿಸುತ್ತಿದ್ದೆವು. ಆಮೇಲೆ ರೀಲನ್ನು ಬಸ್ಸಿನಲ್ಲಿ ಮೈಸೂರಿನ ಕಲರ್ ಲ್ಯಾಬಿಗೆ ಕಳಿಸಿ ಎರಡು ಮೂರು ದಿನ ಕಾಯಬೇಕು. ಕವರು ಬಿಚ್ಚುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅಂದರೆ ಆ ಕಾಲ ನಮಗೆ 'ಮುಂಚೆ' ನೋಡುವುದನ್ನು ಕಲಿಸಿತು, 'ಆಮೇಲೆ' ತಿದ್ದುವುದಕ್ಕೆ ಹೆಚ್ಚು ಅವಕಾಶ ಕೊಡಲಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹೇಳಲು ಹೊರಟಿಲ್ಲ. ಹಳೆಯ ಕಾಲವನ್ನು ಹೊಗಳುವ ಅಭ್ಯಾಸ ನಮ್ಮ ಜನಕ್ಕೆ ಯಾವ ವಿಷಯದಲ್ಲೂ ಒಳ್ಳೆಯದಲ್ಲ. ರೀಲೂ ನಮ್ಮನ್ನು ಸರಿಯಾಗಿ ನೋಡುತ್ತಿರಲಿಲ್ಲ.

ನಮ್ಮ ಮದುವೆಗಳನ್ನೇ ತಗೊಳ್ಳಿ. ಬುದ್ಧರ ಪ್ರತಿಮೆ, ಬಾಬಾಸಾಹೇಬರ ಭಾವಚಿತ್ರ, ಮೇಣದ ಬತ್ತಿ, ತ್ರಿಸರಣ ಪಂಚಶೀಲ. ಹುಡುಗ ಹುಡುಗಿ ಇಬ್ಬರಿಗೂ ಬಿಳಿ ಬಟ್ಟೆ. ಫೋಟೊದವನಿಗೆ ಇದಕ್ಕಿಂತ ಕಷ್ಟ ಬೇರೆ ಇಲ್ಲ. ಕ್ಯಾಮೆರಾದ ಮೀಟರ್ ಲೋಕವೆಲ್ಲ ಬೂದು ಬಣ್ಣದ್ದು ಎಂದುಕೊಂಡು ಅಳೆಯುವ ಯಂತ್ರ. ಅಷ್ಟಗಲ ಬಿಳಿ ಸೀರೆ ಕಂಡರೆ ಬೆಳಕು ಜಾಸ್ತಿಯಾಯಿತು ಎಂದು ಕಡಿಮೆ ಮಾಡಿಬಿಡುತ್ತದೆ. ಸೀರೆಯೇನೋ ನೆರಿಗೆ ನೆರಿಗೆಯಾಗಿ ಬರುತ್ತದೆ, ಮುಖ ಕತ್ತಲೆಯೊಳಗೆ ಹೋಗುತ್ತದೆ. ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ನಮ್ಮ ಹಿರಿಯರಿಗೆ ಕಣ್ಣು ಮತ್ತು ಹಲ್ಲು ಮಾತ್ರ ಉಳಿದ ಫೋಟೊಗಳು ನಿಮ್ಮ ಮನೆಯಲ್ಲೂ ಇರಬೇಕು, ತೆಗೆದು ನೋಡಿ. ನಾವು ಅದನ್ನು ನಮ್ಮ ಮೈಬಣ್ಣದ ದೋಷ ಎಂದುಕೊಂಡೆವು. ನಾನೂ ಹಾಗೇ ಅಂದುಕೊಂಡಿದ್ದೆ.

ನಿಜ ತಿಳಿದಿದ್ದು ಎಷ್ಟೋ ವರ್ಷದ ಮೇಲೆ, ಓದಿ. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಅದಕ್ಕೆ 'ಶರ್ಲಿ ಕಾರ್ಡ್' ಎಂದೇ ಹೆಸರು. ಅವಳ ಚರ್ಮ ಚೆನ್ನಾಗಿ ಬಂದರೆ ಬಣ್ಣ ಸರಿಯಾಗಿದೆ ಎಂದರ್ಥ. ಕಂದು, ಕಪ್ಪು ಮೈಬಣ್ಣದ ಛಾಯೆಗಳನ್ನು ಹಿಡಿಯುವ ಶಕ್ತಿ ಆ ಫಿಲ್ಮಿಗೆ ಕಡಿಮೆ ಇತ್ತು. ಅದನ್ನು ಸರಿಪಡಿಸುವಂತೆ ಒತ್ತಡ ತಂದವರು ಯಾರು ಗೊತ್ತೇ? ಕರಿಯ ಮಕ್ಕಳ ತಾಯಂದಿರ ದೂರು ನಡೆಯಲಿಲ್ಲ. ನಮ್ಮ ಚಾಕೊಲೇಟಿನ ಬಣ್ಣ, ನಮ್ಮ ಮರದ ಮೇಜು ಕುರ್ಚಿಯ ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲ ಎಂದು ವ್ಯಾಪಾರಿ ಕಂಪನಿಗಳು ದೂರಿದ ಮೇಲೆ ಫಿಲ್ಮ್ ಸುಧಾರಿಸಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೇಜಿಗೆ ಸಿಕ್ಕ ಮರ್ಯಾದೆ ಮನುಷ್ಯನ ಮುಖಕ್ಕೆ ಸಿಗಲಿಲ್ಲವಲ್ಲ ಎಂದು.

(ಇಲ್ಲಿ ಒಂದು ಮಾತು. ವರ್ಣ ಎಂದರೆ ಬಣ್ಣ, ಜಾತಿ ಬಣ್ಣದಿಂದ ಬಂತು ಎಂದು ಇದನ್ನು ಹಿಡಿದು ಯಾರೂ ವಾದ ಶುರು ಮಾಡಬೇಡಿ. ಆ ಸಿದ್ಧಾಂತವನ್ನು ಬಾಬಾಸಾಹೇಬರು 1946ರ 'ಶೂದ್ರರು ಯಾರು?' ಗ್ರಂಥದಲ್ಲಿ ಒಪ್ಪಿಲ್ಲ. ನಾನು ಹೇಳುತ್ತಿರುವುದು ಕಣ್ಣಿನ ಅಭ್ಯಾಸದ ಬಗ್ಗೆ ಮಾತ್ರ.)

ಆಮೇಲೆ ಡಿಜಿಟಲ್ ಬಂತು. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಇದೇ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್, 1975ರಲ್ಲಿ. ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ಟಿನ ಮೇಲೆ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಮುಂದೆ ಬರಲಿರುವುದು ಅವರ ಮನೆಯೊಳಗೇ, ಅವರ ಕಣ್ಣೆದುರೇ ಇತ್ತು. ಆದರೆ ಹಣ ಬರುತ್ತಿದ್ದದ್ದು ಫಿಲ್ಮಿನಿಂದ. 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನಮ್ಮ ಗುಂಡ್ಲುಪೇಟೆ ದಾಟಿ ಘಾಟಿ ಹತ್ತಿದರೆ ಸಿಗುವ ಊಟಿಯಲ್ಲಿ 'ಇಂದು' ಫಿಲ್ಮ್ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕೂಡ ಮುಚ್ಚಿಹೋಯಿತು. ಎಲ್ಲವೂ ಅನಿತ್ಯ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ನನಗೆ ಇದರಲ್ಲಿ ಕಾಣುವುದು ಬೇರೆ. ಇದ್ದದ್ದನ್ನು ಇದ್ದ ಹಾಗೆ ನೋಡುವುದಕ್ಕೆ ಧಮ್ಮದಲ್ಲಿ ಯಥಾಭೂತ ದರ್ಶನ ಎನ್ನುತ್ತಾರೆ. ಲಾಭ ಅಡ್ಡ ಬಂದರೆ ಕಣ್ಣೆದುರು ಇದ್ದದ್ದೂ ಕಾಣುವುದಿಲ್ಲ.

ನಾನು ಡಿಜಿಟಲ್ ಕ್ಯಾಮೆರಾ ಕೊಂಡದ್ದು 2006ರಲ್ಲಿ, ಸೊಸೈಟಿ ಸಾಲ ಮಾಡಿ. ಮೊದಲ ದಿನವೇ ಖುಷಿಯಾಯಿತು. ಒತ್ತಿದ ಕೂಡಲೇ ಹಿಂದಿನ ಪರದೆಯಲ್ಲಿ ಚಿತ್ರ. ಬಿಳಿ ಸೀರೆಯ ಪಕ್ಕ ಮುಖ ಕಪ್ಪಾಯಿತೇ? ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ಇನ್ನೊಂದು ತೆಗಿ. ರೀಲು ಕೊಡದಿದ್ದ 'ಆಮೇಲೆ' ಕೈಗೆ ಸಿಕ್ಕಿತ್ತು. ನಮ್ಮ ಜನರ ಮುಖವನ್ನು ಅದರ ನಿಜವಾದ ಬಣ್ಣದಲ್ಲಿ, ಹೊಳಪಿನಲ್ಲಿ ಹಿಡಿಯಲು ಸಾಧ್ಯವಾದ ಮೊದಲ ಯಂತ್ರ ನನ್ನ ಕೈಯಲ್ಲಿತ್ತು.

ಅದರಿಂದ ನಾನು ಏನು ಮಾಡಿದೆ?

ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಲು ಕಲಿತೆ. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಕ್ಕದ ಸ್ಟುಡಿಯೊದವನು ಮಾಡುತ್ತಿದ್ದ, ಗಿರಾಕಿ ಅಲ್ಲಿಗೆ ಹೋಗುತ್ತಿದ್ದರು. ನಾನೂ ಶುರು ಮಾಡಿದೆ. ಕೇಳಿದವರಿಗೆ ಮಾಡಿದೆ, ಕೇಳದವರಿಗೂ ಮಾಡಿದೆ. ದಿನಾ ಬೆಳಗ್ಗೆ ಮುಸಾವಾದಾ ವೇರಮಣಿ ಎಂದು ಶೀಲ ಹೇಳಿಕೊಂಡು ಹೋಗಿ, ಹತ್ತು ಗಂಟೆಗೆ ಕೂತು ಮೌಸ್ ಹಿಡಿದು ಸುಳ್ಳು ಹೇಳುತ್ತಿದ್ದೆ. ಸುಳ್ಳು ಬಾಯಿಂದ ಮಾತ್ರ ಬರುತ್ತದೆ ಎಂದುಕೊಂಡಿದ್ದೆ.

ಒಂದು ಮದುವೆಯ ಆಲ್ಬಮ್ ಕೊಡಲು ಪಕ್ಕದ ಹಳ್ಳಿಗೆ ಹೋಗಿದ್ದೆ. ಜಗಲಿಯ ಮೇಲೆ ಹುಡುಗಿಯ ಅಜ್ಜಿ ಕೂತಿದ್ದರು. ಆಲ್ಬಮನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು. ಮತ್ತೆ ಮೊದಲಿಂದ ತಿರುವಿದರು. ಆಮೇಲೆ ಕೇಳಿದರು: "ಇವ್ಳ್ಯಾರಪ್ಪ? ನಮ್ ಮಗ ಎಲ್ಲವ್ಳ ಇದ್ರಲ್ಲಿ?"

ಮನೆಯವರು ನಕ್ಕರು. "ಅವ್ಳೇ ಕಣವ್ವ, ಕಂಪ್ಯೂಟ್ರಲ್ಲಿ ಬೆಳ್ಳಗ್ ಮಾಡವ್ರ" ಎಂದರು.

"ಯಾಕ? ಅವ್ಳ ಬಣ್ಣಕ್ಕ ಏನಾಗಿತ್ತು? ನನ್ ಬಣ್ಣನೇ ಅಲ್ವ ಅವ್ಳ್ದು?"

ಅಜ್ಜಿ ಬೈಯಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ ಅದು. ನನ್ನ ಬಳಿ ಉತ್ತರ ಇರಲಿಲ್ಲ. ಬೇರೆ ಪ್ರಿಂಟ್ ಹಾಕಿಸಿ ತರ್ತೀನಿ ಅವ್ವ ಎಂದು ಹೇಳಿ ಬಂದೆ.

ಸ್ಟುಡಿಯೊಗೆ ಬಂದು ಕಂಪ್ಯೂಟರ್ ತೆರೆದರೆ ಮೂಲ ಚಿತ್ರಗಳಿಲ್ಲ. ತಿದ್ದಿದ್ದನ್ನು ಅದೇ ಹೆಸರಿನಲ್ಲಿ ಮೂಲದ ಮೇಲೆಯೇ ಉಳಿಸಿಬಿಟ್ಟಿದ್ದೆ. ಕಾರ್ಡನ್ನು ಮುಂದಿನ ಮದುವೆಗೆಂದು ಅಳಿಸಿಯಾಗಿತ್ತು. ರೀಲಿನ ಕಾಲದಲ್ಲಾಗಿದ್ದರೆ ಪ್ರಿಂಟಿನಲ್ಲಿ ಏನೇ ಆಟ ಆಡಿದರೂ ನೆಗೆಟಿವ್ ಇರುತ್ತಿತ್ತು. ಹೋಗಿ ಕೇಳಿದರೆ ನಡೆದದ್ದನ್ನು ಹೇಳುವ ಸಾಕ್ಷಿಯ ಹಾಗೆ. ಈಗ ಆ ಸಾಕ್ಷಿಯನ್ನು ನಾನೇ ಕೊಂದಿದ್ದೆ. ಆ ಹುಡುಗಿ ತ್ರಿಸರಣ ಹೇಳುವಾಗ ಹೇಗಿದ್ದಳೋ ಆ ಮುಖ ಲೋಕದಲ್ಲಿ ಎಲ್ಲೂ ಇಲ್ಲ.

ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು. ಆಲ್ಬಮಿಗೆ ಆಗದ್ದೆಂದು ತಿದ್ದದೆ ಬಿಟ್ಟಿದ್ದ ಚಿತ್ರ. ಊಟದ ಪಂಕ್ತಿಯದು. ಮೂಲೆಯಲ್ಲಿ ಹುಡುಗಿ ಯಾರಿಗೋ ಪಾಯಸ ಬಡಿಸುತ್ತಾ ಪಕ್ಕಕ್ಕೆ ತಿರುಗಿ ನಗುತ್ತಿದ್ದಾಳೆ. ಅಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿಸಿ ಕೊಂಡೊಯ್ದೆ. ಸ್ವಲ್ಪ ಮಸುಕಾಗಿತ್ತು. ಅಜ್ಜಿ ನೋಡಿ, "ಹೂಂ, ಇವ್ಳೆ" ಎಂದರು. ಅದನ್ನು ಬಾಬಾಸಾಹೇಬರ ಫೋಟೊದ ಕೆಳಗೆ ಮೊಳೆ ಹೊಡೆಸಿ ಹಾಕಿಸಿದರು. ಆಲ್ಬಮ್ ಬೀರುವಿನೊಳಗೆ ಹೋಯಿತು.

ಅಂದಿನಿಂದ ಎರಡು ಕೆಲಸ ಮಾಡುತ್ತಿದ್ದೇನೆ. ಮೂಲ ಚಿತ್ರಗಳನ್ನು ಮುಟ್ಟದೆ ಬೇರೆ ಡಿಸ್ಕಿನಲ್ಲಿ ಇಡುತ್ತೇನೆ. ಕೇಳದೆ ಯಾರ ಬಣ್ಣವನ್ನೂ ಮುಟ್ಟುವುದಿಲ್ಲ. ಇದರಿಂದ ಕೆಲವು ಗಿರಾಕಿ ಹೋದರು, ಸುಳ್ಳು ಯಾಕೆ ಹೇಳಲಿ.

ಆದರೆ ಕೇಳಿದರೆ? ಇದೇ ಇನ್ನೂ ಬಗೆಹರಿಯದ್ದು. ಹೋದ ತಿಂಗಳು ನಮ್ಮದೇ ಒಂದು ಮದುವೆ. ಹುಡುಗಿಯ ತಾಯಿ ಪಕ್ಕಕ್ಕೆ ಕರೆದು, "ಅಣ್ಣ, ಚೂರು ಬೆಳ್ಳಗ್ ಕಾಣಂಗ ಮಾಡು, ಅವ್ರ ಕಡೆಯೋರು ನೋಡ್ತಾರ" ಎಂದರು. ಅವರದು ದುರಾಸೆಯಲ್ಲ. ಮಗಳು ಆ ಮನೆಯಲ್ಲಿ ಮಾತು ಕೇಳಬಾರದು ಎಂಬ ಭಯ. ಅವರಿಗೆ ಶೀಲದ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ಕ್ಯಾಮೆರಾದ ಪರದೆಯನ್ನು ಹುಡುಗಿಗೆ ತೋರಿಸಿ, ನೀನು ಹೇಳವ್ವ ಎಂದೆ. ಅವಳು ತುಂಬ ಹೊತ್ತು ನೋಡಿದಳು, ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಲು ಹೋದಳು, ನನ್ನದು ಹಳೇ ಕ್ಯಾಮೆರಾ, ಹಿಗ್ಗಲಿಲ್ಲ. ಏನೂ ಹೇಳದೆ ವಾಪಸ್ ಕೊಟ್ಟಳು.

ಎರಡು ಬಗೆಯನ್ನೂ ಪ್ರಿಂಟ್ ಹಾಕಿಸಿ ಕೊಟ್ಟಿದ್ದೇನೆ. ಆಲ್ಬಮಿಗೆ ಯಾವುದು ಎಂದು ಅವರು ಇನ್ನೂ ತಿಳಿಸಿಲ್ಲ. ನಾನು ಮಾಡಿದ್ದು ಸರಿಯೋ, ಜಾರಿಕೊಂಡೆನೋ, ಭಾನುವಾರ ಬಳಗದಲ್ಲಿ ನೀವು ಹೇಳಬೇಕು. ಬರುವಾಗ ಮನೆಯಲ್ಲಿರುವ ಹಳೆಯ ಗ್ರೂಪ್ ಫೋಟೊ ಒಂದನ್ನು ತನ್ನಿ. ಹಿಂದಿನ ಸಾಲಿನಲ್ಲಿ ನಿಂತವರ ಹೆಸರು ಗೊತ್ತಿದ್ದರೆ ಬೆನ್ನ ಮೇಲೆ ಬರೆದು ತನ್ನಿ.

ಜೈ ಭೀಮ್. ನಮೋ ಬುದ್ಧಾಯ.